ಯಾರೂ ಸಾಯದ ಪುಸ್ತಕ

ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ದಿನ
ಓದಲೆಂದೇ ಬರುವವರು ಕಡಿಮೆ.
ಟೋಪಿ ಹಾರಿಸಿಕೊಂಡವರು, ಬಸ್ಸು ತಪ್ಪಿದವರು,
ಮುರಿದ ಕೊಡೆಯನ್ನು ಸತ್ತ ಕೋಳಿಯ ಹಾಗೆ ಹಿಡಿದವರು
ಬಾಗಿಲು ನೂಕಿಕೊಂಡು ಒಳಗೆ ಬೀಳುತ್ತಾರೆ,
ಬಂದ ತಪ್ಪಿಗೆ ಒಂದು ಪುಸ್ತಕ ಒಯ್ಯುತ್ತಾರೆ.

ಇಪ್ಪತ್ತಾರು ವರ್ಷದಿಂದ ಈ ಕೌಂಟರಿನಲ್ಲಿದ್ದೇನೆ.
ಇದು ಹಿಡಿಸಿದ್ದರೆ ಅದನ್ನೂ ಓದಿ ಎಂದು
ಹಳದಿ ಚೀಟಿ ಬರೆದು ಕಪಾಟಿಗೆ ಅಂಟಿಸುವುದು ನನ್ನ ಕೆಲಸ,
ಸ್ವಲ್ಪ ನನ್ನ ಜಂಬ ಕೂಡ.
ಪುಸ್ತಕವಲ್ಲದೆ ಇನ್ನೂ ಏನೇನೋ ಕೊಡುತ್ತೇವೆ:
ಹೊಲಿಗೆ ಯಂತ್ರ, ರಕ್ತದೊತ್ತಡ ನೋಡುವ ಪಟ್ಟಿ,
ಮಂಗಳವಾರ ಮಾತ್ರ, ಪಿಂಚಣಿ ಅರ್ಜಿ ತುಂಬಿಕೊಡುವ ಲಿವಿಯೊ,
ಕಿಟಕಿಯ ಕೆಳಗೆ ಬೀಜದ ಡ್ರಾಯರು,
ಮೂಲಂಗಿ, ಟೊಮೇಟೊ, ಸಾಸಿವೆ.

ಓಂದಿನಾ ಪೆರ್ತೋತ್ ಸಾಸಿವೆ ಕೇಳಲಿಲ್ಲ.
ಆಸ್ಪತ್ರೆಯ ಏಳನೇ ಮಹಡಿಯಲ್ಲಿ ರಾತ್ರಿ ಪಾಳಿ ಮುಗಿಸಿ
ನೇರ ಬಂದವಳು, ಕೋಟು ಬಿಚ್ಚದೆ ಅಂದಳು:
"ಯಾರೂ ಸಾಯದ ಪುಸ್ತಕ ಒಂದು ಕೊಡಿ.
ಸಾಯುವವರು ನನಗೆ ಕೆಲಸದಲ್ಲೇ ಬೇಕಾದಷ್ಟು ಸಿಗುತ್ತಾರೆ."

ಅದೇನು ಮಹಾ, ಅಂದುಕೊಂಡೆ.
ಕ್ಯಾಟಲಾಗಿನಲ್ಲಿ ವಿಷಯವಾರು ಹುಡುಕಿದರೆ
ಸಾವು, ಎರಡು ಸಾವಿರದ ಹದಿನೇಳು.
ಸಾವಿಲ್ಲದ್ದು ಎಂಬ ವಿಷಯವೇ ಇಲ್ಲ.
ಕೈಗೆ ಸಿಕ್ಕ ಪ್ರೇಮಕಥೆ ಕೊಟ್ಟೆ. ಮರುವಾರ ವಾಪಸು,
ಒಳಗೊಂದು ಚೀಟಿ: ಪುಟ ಒಂಬತ್ತು, ತಾಯಿ.
ಹಾಸ್ಯ ಕೊಟ್ಟೆ. ಪುಟ ನೂರ ಹನ್ನೆರಡು, ನಾಯಿ.
ಪ್ರವಾಸ ಕಥನ. ಹೇಸರಗತ್ತೆ, ಕಣಿವೆಗೆ.
ಮಕ್ಕಳ ಕಪಾಟು ಜಾಲಾಡಿದೆ, ಅಲ್ಲಂತೂ ಬರೀ ಕೊಲೆ.
ಅಡುಗೆ ಪುಸ್ತಕ ಶುರುವಾಗುವುದೇ
ಹಾವುಮೀನನ್ನು ಹಲಗೆಗೆ ಮೊಳೆ ಹೊಡೆಯುವಲ್ಲಿಂದ.
ಗೆದ್ದೆ ಅಂದುಕೊಂಡು ವ್ಯಾಕರಣ ಕೊಟ್ಟೆ.
ಭೂತಕಾಲಕ್ಕೆ ಉದಾಹರಣೆ:
ನನ್ನ ಅಜ್ಜ ನಿನ್ನೆ ತೀರಿಕೊಂಡರು.

ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ.

ಆ ಚೀಟಿಗಳನ್ನು ತೆಗೆಯಲಿಲ್ಲ, ಮರೆವೋ ಸೋಮಾರಿತನವೋ.
ಆಮೇಲೆ ಒಯ್ದವರು ಅವುಗಳ ಕೆಳಗೆ ಬರೆಯತೊಡಗಿದರು.
ನಾಯಿಯ ಕೆಳಗೆ ಯಾರೋ, ನೀಲಿ ಶಾಯಿಯಲ್ಲಿ:
ಓದು ನಿಲ್ಲಿಸಬೇಡಿ, ನೂರ ಮೂವತ್ತರಲ್ಲಿ ಮರಿಗಳಿವೆ.
ತಾಯಿಯ ಕೆಳಗೆ, ಗುಂಡು ಗುಂಡಾದ ಎಳೆಯ ಅಕ್ಷರ:
ನಮ್ಮಮ್ಮನೂ.
ಅದರ ಕೆಳಗೆ ಯಾರೂ ಏನೂ ಬರೆದಿಲ್ಲ.
ಬಂದರಿನ ಕ್ರೇನಿನವನೊಬ್ಬ
ಆ ಪುಸ್ತಕವನ್ನು ಮೂರು ಸಲ ಒಯ್ದ.

ಕೊನೆಗೆ ಅವಳೇ ಹುಡುಕಿಕೊಂಡಳು,
ಮಂಡಿಯೂರಿ, ನೆಲಕ್ಕೆ ತಾಗಿದ ಸಾಲಿನಲ್ಲಿ,
ಹಡಗಿನವರಿಗೆಂದು ಬರೆದ ಗಂಟುಗಳ ಪುಸ್ತಕ.
ಮುಖವಿಲ್ಲದ ಎರಡು ಕೈ, ಒಂದು ಹಗ್ಗ,
ಪುಟಪುಟಕ್ಕೂ ಬೇರೆ ಗಂಟು.
ಅದರಲ್ಲಿ ಯಾರೂ ಹುಟ್ಟುವುದೂ ಇಲ್ಲ.
ಹನ್ನೊಂದು ಸಲ ಅವಧಿ ಮುಂದೂಡಿಸಿಕೊಂಡಳು.
ನಿದ್ದೆ ಬಾರದವರ ಮಂಚದ ಪಕ್ಕ ಕೂತು
ಬ್ಯಾಂಡೇಜಿನ ತುಂಡಿನಲ್ಲಿ ಕಟ್ಟುತ್ತಾಳಂತೆ,
ಅವರು ಬಿಚ್ಚುತ್ತಾರಂತೆ.
ಎಷ್ಟು ಹೊತ್ತಾದರೂ ಅವಸರ ಮಾಡುವುದಿಲ್ಲವಂತೆ.

ಮಾರ್ಚಿನಲ್ಲಿ ಮೇಲಿನಿಂದ ಪಟ್ಟಿ ಬಂತು:
ತೆಗೆದುಹಾಕಬೇಕಾದವು, ಮುನ್ನೂರ ನಲವತ್ತು.
ಹರಿದವು, ಹಳತಾದವು,
ಹತ್ತು ವರ್ಷದಲ್ಲಿ ಒಬ್ಬರಷ್ಟೇ ಒಯ್ದವು.
ಇಪ್ಪತ್ತೆರಡನೆಯದು ಗಂಟಿನ ಪುಸ್ತಕ.
ಪುಸ್ತಕಗಳಿಗೂ ಒಂದು ಏಳನೇ ಮಹಡಿ ಇದೆ.

ನಮ್ಮಪ್ಪನ ಗಂಟೇನು ಹೋಗಬೇಕು ಅಂತ
ಎರಡನೇ ಓದುಗನ ಹೆಸರು ಸೇರಿಸಿದೆ, ನನ್ನದೇ.
ಸುಳ್ಳಾಗಬಾರದಲ್ಲ, ಮನೆಗೂ ಒಯ್ದೆ.
ಅಡುಗೆಮನೆಯ ಮೇಜು, ಪರದೆಯಿಂದ ಕಿತ್ತ ಹುರಿ,
ಎಡದ್ದು ಮೇಲೆ, ಬಲದ್ದು ಕೆಳಗೆ, ಮತ್ತೆ ಒಳಗೆ,
ಎಳೆದರೆ ಏನೂ ಇಲ್ಲ, ಬರೀ ಹುರಿ.
ಪುಟ ತಿರುವಿದರೆ ಅವಳ ಚೀಟಿ:
ಹದಿನಾಲ್ಕು ಯಾರಿಗೂ ಬರುವುದಿಲ್ಲ, ಹದಿನೈದಕ್ಕೆ ಹೋಗಿ.

ಹೊರಗೆ ಗಾಳಿ ಯಾರದೋ ಬಕೆಟ್ಟನ್ನು ಬೀದಿಯುದ್ದ ಉರುಳಿಸುತ್ತಿದೆ.
ಜೀವಮಾನವೆಲ್ಲ ಬೇರೆಯವರಿಗೆ ಓದು ಹೇಳಿದವನು,
ನನಗೆ ಸಿಕ್ಕ ಮೊದಲ ಸಲಹೆ ಇದು.
ಕೇಳಿಲ್ಲ.
ನಾಲ್ಕು ರಾತ್ರಿಯಿಂದ ಹದಿನಾಲ್ಕರಲ್ಲೇ ಇದ್ದೇನೆ.